ಮೇಜಿನ ಮೇಲೊಂದು ಕಂಬಳಿಹುಳು

ದಸರೆಗೆ ಬೊಂಬೆ ಕೂರಿಸುವವರು ಅಳತೆಪಟ್ಟಿ ಹಿಡಿಯುವುದಿಲ್ಲ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ರಾಜ-ರಾಣಿ, ಕೆಳಗೆ ಶೆಟ್ಟರ ಅಂಗಡಿ, ಅದರ ಪಕ್ಕದಲ್ಲೇ ಅಂಗಡಿಗಿಂತ ದೊಡ್ಡದಾದ ಒಂದು ಹಸು. ಈ ಹಸು ಆ ಅಂಗಡಿಯ ಬಾಗಿಲಲ್ಲಿ ತೂರೀತೇ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಮನೆಯ ಅಜ್ಜಿ ಗದರಿಸಿಯಾರು.

ಇದೇ ಪ್ರಶ್ನೆಯನ್ನು ಹಗಲಿರುಳು ಕೇಳಿಕೊಳ್ಳುವ ಇನ್ನೊಂದು ಜಾತಿಯ ಬೊಂಬೆಗಾರರಿದ್ದಾರೆ. ಅವರ ಹವ್ಯಾಸಕ್ಕೆ ‘ಸ್ಕೇಲ್ ಮಾಡೆಲಿಂಗ್’ ಎಂದು ಹೆಸರು. ನಿಜವಾದ ಯಂತ್ರವೊಂದರ ಪ್ರತಿಯೊಂದು ಭಾಗವನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ, ಮೇಜಿನ ಮೇಲೆ ಮತ್ತೆ ಕಟ್ಟುವ ಕೆಲಸ ಅದು. ವಿಮಾನ, ಹಡಗು, ರೈಲು ಎಂಜಿನ್‌ಗಳ ಇಂಥ ಮಾದರಿಗಳನ್ನು ವಸ್ತುಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಗಳಲ್ಲಿ ನಾವೆಲ್ಲ ನೋಡಿರುತ್ತೇವೆ. ಅಷ್ಟಾಗಿ ಗಮನಕ್ಕೆ ಬಾರದ, ಆದರೆ ಕೈಗೂ ತಲೆಗೂ ಅವೆಲ್ಲಕ್ಕಿಂತ ಹೆಚ್ಚು ಕೆಲಸ ಕೊಡುವ ಮಾದರಿಯೊಂದಿದೆ. ಅದು ಹಳೆಯ ಕ್ರಾಲರ್ ಟ್ರ್ಯಾಕ್ಟರಿನದು.

ಕ್ರಾಲರ್ ಎಂದರೆ ತೆವಳುವುದು. ಗಾಲಿಗಳ ಮೇಲೆ ಉರುಳುವ ಬದಲು ಉಕ್ಕಿನ ಸರಪಳಿ ಪಟ್ಟಿಯ ಮೇಲೆ ತೆವಳಿಕೊಂಡು ಹೋಗುವ ಈ ಯಂತ್ರದ ವಂಶಸ್ಥರು ನಮಗೆ ಅಪರಿಚಿತರೇನಲ್ಲ. ರಸ್ತೆ ಕಾಮಗಾರಿಯಲ್ಲಿ, ಗಣಿಗಳಲ್ಲಿ, ಕೆರೆ ಏರಿಯ ಮೇಲೆ ‘ಡೋಜರ್’ ಎಂದು ನಾವು ಕರೆಯುವುದು ಇದನ್ನೇ. 1964ರಲ್ಲಿ ಸ್ಥಾಪನೆಯಾದ ಭಾರತ್ ಅರ್ಥ್ ಮೂವರ್ಸ್, ಅಂದರೆ ಇಂದಿನ ಬಿಇಎಂಎಲ್, ಇಂಥ ಬುಲ್ಡೋಜರ್‌ಗಳನ್ನು ನಮ್ಮ ಕೆಜಿಎಫ್‌ನಲ್ಲೇ ತಯಾರಿಸುತ್ತದೆ. ಆದರೆ ಮಾದರಿ ಕಟ್ಟುವವರ ಮನಸ್ಸು ಹೋಗುವುದು ಈ ವಂಶದ ಅಜ್ಜಂದಿರ ಕಡೆಗೆ. ಅವರಲ್ಲಿ ಒಬ್ಬ ಅಜ್ಜನನ್ನು ಹಿಡಿದುಕೊಂಡು ಈ ಕಸುಬಿನ ಒಳಹೊಕ್ಕು ನೋಡೋಣ. ಅವನ ಹೆಸರು ‘ಕ್ಯಾಟರ್ಪಿಲ್ಲರ್ ಸಿಕ್ಸ್ಟಿ’. ಊರು ಅಮೆರಿಕದ ಕ್ಯಾಲಿಫೋರ್ನಿಯಾ.

ಕೆಸರು ಹುಟ್ಟಿಸಿದ ಯಂತ್ರ

ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಪಟ್ಟಣದ ಸುತ್ತಲಿನ ನದೀಮುಖಜ ಭೂಮಿ ಕಪ್ಪು ಜೌಗು. ಕೊಳೆತ ಸಸ್ಯಗಳಿಂದ ಆದ ಮಣ್ಣು. ಬೆಳೆ ಬಂಗಾರದಂತೆ ಬರುತ್ತದೆ, ಕಾಲಿಟ್ಟರೆ ಮಾತ್ರ ಹೂತುಹೋಗುತ್ತದೆ. ಇಲ್ಲಿ ಕುದುರೆ ಹೂಳುತ್ತಿತ್ತು, ಉಗಿ ಟ್ರ್ಯಾಕ್ಟರ್ ಇನ್ನೂ ಬೇಗ ಹೂಳುತ್ತಿತ್ತು. ಬೆಂಜಮಿನ್ ಹೋಲ್ಟ್ ಎಂಬ ಯಂತ್ರ ತಯಾರಕ ಮೊದಲು ಗಾಲಿಗಳನ್ನು ಅಗಲ ಮಾಡುತ್ತಾ ಹೋದ. ಒಂದು ಟ್ರ್ಯಾಕ್ಟರಿನ ಒಟ್ಟು ಅಗಲ 46 ಅಡಿಗೆ ಮುಟ್ಟಿತು! ಅದನ್ನು ತಿರುಗಿಸಲು ಎಷ್ಟು ಜಾಗ ಬೇಕು ಎಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಹೀಗೆ ಹೋದರೆ ಕೊನೆಯಿಲ್ಲ ಎಂದು ಅರಿವಾದ ಮೇಲೆ ಹೋಲ್ಟ್ ಗಾಲಿಗಳನ್ನೇ ಕಿತ್ತುಹಾಕಿದ. ಅವುಗಳ ಜಾಗದಲ್ಲಿ ಮರದ ಪಟ್ಟಿಗಳನ್ನು ಜೋಡಿಸಿದ ಸರಪಳಿಗಳನ್ನು ಕೂರಿಸಿ, 1904ರ ನವೆಂಬರ್ 24ರಂದು ಹೊಲಕ್ಕಿಳಿಸಿದ. ಯಂತ್ರ ಮುಳುಗಲಿಲ್ಲ. ತನ್ನ ರಸ್ತೆಯನ್ನು ತಾನೇ ಮುಂದೆ ಹಾಸಿಕೊಂಡು, ಅದರ ಮೇಲೆ ನಡೆದು, ಹಿಂದಿನಿಂದ ಸುತ್ತಿ ಎತ್ತಿಕೊಂಡು ಹೋಗುವ ಉಪಾಯವದು. ಭಾರವೆಲ್ಲ ಅಗಲವಾದ ಪಟ್ಟಿಯ ಮೇಲೆ ಹರಡುವುದರಿಂದ, ಹಲವು ಟನ್ ತೂಗುವ ಇಂಥ ಯಂತ್ರ ನೆಲದ ಮೇಲೆ ಹಾಕುವ ಒತ್ತಡ ನಿಂತ ಮನುಷ್ಯನ ಪಾದದ ಒತ್ತಡದ ಆಸುಪಾಸಿನಲ್ಲೇ ಇರುತ್ತದೆ.

ಈ ಯಂತ್ರದ ಚಿತ್ರ ತೆಗೆಯಲು ಬಂದ ಚಾರ್ಲ್ಸ್ ಕ್ಲೆಮೆಂಟ್ಸ್ ಎಂಬ ಛಾಯಾಗ್ರಾಹಕ ಕ್ಯಾಮೆರಾದೊಳಗೆ ಇಣುಕಿದ. ಆ ಕಾಲದ ಕ್ಯಾಮೆರಾದಲ್ಲಿ ಬಿಂಬ ತಲೆಕೆಳಗಾಗಿ ಕಾಣುತ್ತಿತ್ತು. ಸರಪಳಿಯ ಮೇಲ್ಭಾಗ ಅಲೆ ಅಲೆಯಾಗಿ ಏರಿಳಿಯುತ್ತಾ ಸಾಗುವುದನ್ನು ಕಂಡು, ಇದು ಕಂಬಳಿಹುಳು ಇದ್ದಂತಿದೆಯಲ್ಲ ಎಂದನಂತೆ. ಇಂಗ್ಲಿಷಿನಲ್ಲಿ ಕಂಬಳಿಹುಳುವಿಗೆ ‘ಕ್ಯಾಟರ್ಪಿಲ್ಲರ್’. ಆ ಹೆಸರೇ ನಿಂತಿತು, 1910ರಲ್ಲಿ ನೋಂದಾಯಿತ ಮುದ್ರೆಯೂ ಆಯಿತು. ಸರಪಳಿ ಪಟ್ಟಿಯ ಯಂತ್ರ ಮಾಡಿದವರಲ್ಲಿ ಹೋಲ್ಟ್ ಮೊದಲಿಗನೇನೂ ಅಲ್ಲ. ಅಮೆರಿಕದ ಮೇಯ್ನ್ ಪ್ರಾಂತದಲ್ಲಿ ಆಲ್ವಿನ್ ಲೊಂಬಾರ್ಡ್ ಎಂಬಾತ ಹಿಮದ ಮೇಲೆ ಮರದ ದಿಮ್ಮಿ ಎಳೆಯುವ ಇಂಥದೇ ಯಂತ್ರಕ್ಕೆ 1901ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಹೆಸರು ಉಳಿದದ್ದು ಹೊಲದ ಯಂತ್ರದ್ದು.

ಹೋಲ್ಟ್‌ಗೆ ಒಬ್ಬ ಪ್ರತಿಸ್ಪರ್ಧಿಯಿದ್ದ. ಡೇನಿಯಲ್ ಬೆಸ್ಟ್ ತನ್ನ ಕಂಪನಿಯನ್ನು 1908ರಲ್ಲಿ ಹೋಲ್ಟ್‌ಗೇ ಮಾರಿದ. ಮಗ ಸಿ.ಎಲ್. ಬೆಸ್ಟ್ ಸುಮ್ಮನಿರಲಿಲ್ಲ, 1910ರಲ್ಲಿ ಬೇರೆಯೇ ಕಂಪನಿ ತೆರೆದ. 1919ರಲ್ಲಿ ಅವನ ಕಾರ್ಖಾನೆಯಿಂದ ಹೊರಬಂದ ‘ಬೆಸ್ಟ್ 60’ ಗಟ್ಟಿಮುಟ್ಟಾದ ಯಂತ್ರವೆಂದು ಹೆಸರಾಯಿತು. 1925ರಲ್ಲಿ ಎರಡೂ ಕಂಪನಿಗಳು ಕೂಡಿ ಕ್ಯಾಟರ್ಪಿಲ್ಲರ್ ಟ್ರ್ಯಾಕ್ಟರ್ ಕಂಪನಿ ಆದಾಗ ಹೆಸರು ಹೋಲ್ಟನದು ಉಳಿಯಿತು, ದೊಡ್ಡ ಯಂತ್ರ ಮಾತ್ರ ಬೆಸ್ಟ್‌ನದು ಉಳಿಯಿತು. ಅದೇ ‘ಕ್ಯಾಟರ್ಪಿಲ್ಲರ್ ಸಿಕ್ಸ್ಟಿ’. 1931ರವರೆಗೆ ತಯಾರಾದ ಇದು ರಸ್ತೆ ಕಡಿಯಿತು, ಕಾಡಿನ ದಿಮ್ಮಿ ಎಳೆಯಿತು, ಗೋಧಿ ಕೊಯ್ಯುವ ಯಂತ್ರಗಳನ್ನು ಬೆಟ್ಟದ ಇಳಿಜಾರಿನಲ್ಲಿ ಜಗ್ಗಿತು. ಎಷ್ಟರಮಟ್ಟಿಗೆ ಜನಪ್ರಿಯವೆಂದರೆ, ಸೋವಿಯತ್ ಒಕ್ಕೂಟದ ಚೆಲ್ಯಾಬಿನ್ಸ್ಕ್ ಕಾರ್ಖಾನೆ 1933ರಲ್ಲಿ ತನ್ನ ಬಾಗಿಲು ತೆರೆದದ್ದೇ ಇದರ ನಕಲಿನೊಂದಿಗೆ. ಅದಕ್ಕೆ ‘ಸ್ಟಾಲಿನೆಟ್ಸ್ 60’ ಎಂದು ಹೆಸರಿಟ್ಟರು.

ಹದಿನಾರರ ಲೆಕ್ಕ

ಈಗ ಮೇಜಿನ ಬಳಿಗೆ ಬರೋಣ. ಮಾದರಿ ಎಷ್ಟು ದೊಡ್ಡದಿರಬೇಕು?

ಇದಕ್ಕೆ ಶಾಸ್ತ್ರವಿಲ್ಲ, ರೂಢಿಯಿದೆ. ರೂಢಿ ಹುಟ್ಟುವ ಬಗೆಯೂ ಸ್ವಾರಸ್ಯವೇ. ಜಪಾನಿನ ತಮಿಯ ಕಂಪನಿ 1960ರ ದಶಕದ ಆರಂಭದಲ್ಲಿ ಪ್ಲಾಸ್ಟಿಕ್ ಟ್ಯಾಂಕ್ ಮಾಡಿದಾಗ ಒಳಗೆ ಬ್ಯಾಟರಿ, ಮೋಟಾರು ಕೂರಲು ಎಷ್ಟು ಜಾಗ ಬೇಕೋ ಅಷ್ಟು ದೊಡ್ಡದು ಮಾಡಿತು. ಆಮೇಲೆ ಅಳೆದು ನೋಡಿದರೆ ಅದು ಮೂಲದ ಮೂವತ್ತೈದನೇ ಒಂದು ಪಾಲು. ಇಂದಿಗೂ ಜಗತ್ತಿನ ಬಹುತೇಕ ಸೇನಾ ವಾಹನಗಳ ಮಾದರಿ 1:35ರಲ್ಲೇ ಬರುತ್ತವೆ! ಕೃಷಿ ಯಂತ್ರಗಳಿಗೆ ರೂಢಿಯಾದದ್ದು 1:16. ಅಮೆರಿಕದ ಅಯೋವಾದಲ್ಲಿ ಫ್ರೆಡ್ ಅರ್ಟಲ್ ಎಂಬಾತ 1945ರಲ್ಲಿ ಮನೆಯ ಕುಲುಮೆಯಲ್ಲೇ ಅಲ್ಯೂಮಿನಿಯಂ ಕರಗಿಸಿ ಆಟಿಕೆ ಟ್ರ್ಯಾಕ್ಟರ್ ಎರಕ ಹೊಯ್ಯಲು ಶುರುಮಾಡಿದ. ಆ ಆಟಿಕೆಗಳ ಪ್ರಮಾಣವೇ ಈಗ ಅಲ್ಲಿನ ಕೃಷಿ ಮಾದರಿಗಳ ಪ್ರಮಾಣ. ಅಂದರೆ ಮೂಲದ ಒಂದು ಅಡಿ ಮಾದರಿಯಲ್ಲಿ ಮುಕ್ಕಾಲು ಅಂಗುಲ. ಸಿಕ್ಸ್ಟಿ ಹೀಗೆ ಕುಗ್ಗಿದರೆ ಒಂದು ಗೇಣಿನ ಆಸುಪಾಸಿಗೆ ಬರುತ್ತದೆ.

ಹದಿನಾರರಿಂದ ಭಾಗಿಸಿದರೆ ಮುಗಿಯಿತಲ್ಲ ಎನ್ನಬೇಡಿ. ಉದ್ದ ಹದಿನಾರು ಪಟ್ಟು ಕಡಿಮೆಯಾದಾಗ ಮೇಲ್ಮೈ 256 ಪಟ್ಟು ಕಡಿಮೆಯಾಗುತ್ತದೆ, ಗಾತ್ರ ಮತ್ತು ತೂಕ 4096 ಪಟ್ಟು. ನಿಜವಾದ ಸಿಕ್ಸ್ಟಿಯ ತೂಕ ಸುಮಾರು 9 ಟನ್. ಅದೇ ಲೋಹಗಳಲ್ಲಿ, ಅದೇ ವಿವರಗಳಲ್ಲಿ ಮಾದರಿ ಮಾಡಿದರೂ ಅದು ತೂಗುವುದು 2 ಕಿಲೋ ಚಿಲ್ಲರೆ. ನೆಲದ ಮೇಲಿನ ಒತ್ತಡ ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಕೆಸರಿಗೆ ಇಳಿಸಿದರೆ ಈ ಪುಟ್ಟ ಯಂತ್ರಕ್ಕೆ ಸರಪಳಿಯ ಅಗತ್ಯವೇ ಇಲ್ಲ, ಗಾಲಿಯೇ ಸಾಕು. ಯಾವ ತೊಂದರೆಗಾಗಿ ಯಂತ್ರ ಹುಟ್ಟಿತೋ ಆ ತೊಂದರೆಯೇ ಮಾದರಿಯಲ್ಲಿ ಮಾಯ!

ಎಂಜಿನ್ ಕತೆ ಇನ್ನೂ ವಿಚಿತ್ರ. ಸಿಕ್ಸ್ಟಿಯದು ನಾಲ್ಕು ಸಿಲಿಂಡರುಗಳ ಪೆಟ್ರೋಲ್ ಎಂಜಿನ್. ಒಂದೊಂದು ಸಿಲಿಂಡರಿನ ಒಳವ್ಯಾಸ ಆರೂವರೆ ಅಂಗುಲ, ಪಿಸ್ಟನ್ ಚಲಿಸುವ ದೂರ ಎಂಟೂವರೆ ಅಂಗುಲ. ಒಟ್ಟು ಸಾಮರ್ಥ್ಯ ಹದಿನೆಂಟೂವರೆ ಲೀಟರ್. ಇಂದಿನ ಸಣ್ಣ ಕಾರಿನ ಎಂಜಿನ್ ಒಂದು ಲೀಟರ್ ಆಸುಪಾಸು ಎಂಬುದನ್ನು ನೆನಪಿಸಿಕೊಳ್ಳಿ. ಇಷ್ಟು ದೊಡ್ಡ ಎಂಜಿನ್ ನಿಮಿಷಕ್ಕೆ ಬರೀ 650 ಸುತ್ತು ತಿರುಗುತ್ತಿತ್ತು, ಒಂದೊಂದು ಏಟೂ ಎಣಿಸುವಂತೆ. ಹದಿನಾರನೇ ಒಂದಕ್ಕೆ ಕುಗ್ಗಿಸಿದರೆ ನಾಲ್ಕೂ ಸಿಲಿಂಡರ್ ಸೇರಿ ನಾಲ್ಕೂವರೆ ಸಿ.ಸಿ., ಒಂದು ಟೀ ಚಮಚಕ್ಕೂ ಕಡಿಮೆ. ಎಂಜಿನ್ನಿನ ತಿರುಗಾಟವನ್ನು ಒಂದೇ ಸಮ ಇಡುವ ಭಾರದ ಚಕ್ರ ಫ್ಲೈವೀಲ್‌ನ ಜಡತೆ ಹದಿನಾರರ ಐದನೇ ಘಾತದಷ್ಟು, ಅಂದರೆ ಹತ್ತು ಲಕ್ಷಕ್ಕೂ ಹೆಚ್ಚು ಪಟ್ಟು ಕುಸಿಯುತ್ತದೆ. ಆ ನಿಧಾನದ ಗುಡುಗು ಮೇಜಿನ ಮೇಲೆ ಬರಲಾರದು. ಬಂದರೆ ಸೊಳ್ಳೆಯ ಗುಂಯ್‌ಗುಡುವಿಕೆ ಬಂದೀತು. ಪೆಟ್ರೋಲಿನಿಂದಲೇ ಓಡಬೇಕೆಂಬ ಹಟದವರು ನಾಲ್ಕನೇ ಒಂದು ಪ್ರಮಾಣಕ್ಕೆ ಹೋಗುತ್ತಾರೆ. ಆಗ ಮಾದರಿಯೇ ಒಂದೂ ಕಾಲು ಕ್ವಿಂಟಲ್ ಮೀರುತ್ತದೆ, ಮೇಜು ಸಾಲದು, ಷೆಡ್ಡೇ ಬೇಕು.

ಹಾಗಾಗಿ ಮಾದರಿ ಕಟ್ಟುವವನು ಮೊದಲ ದಿನವೇ ಒಂದು ತೀರ್ಮಾನ ಮಾಡಬೇಕಾಗುತ್ತದೆ: ಯಂತ್ರದ ಕೆಲಸವನ್ನು ತೋರಿಸುವುದೋ, ರೂಪವನ್ನು ತೋರಿಸುವುದೋ? ಎರಡೂ ಒಟ್ಟಿಗೆ ಸಿಗುವುದು ಅಪರೂಪ.

ಹಳದಿಯ ಸುಳ್ಳು

ರೂಪವನ್ನೇ ಆರಿಸಿಕೊಂಡ ಎಂದಿಟ್ಟುಕೊಳ್ಳಿ. ಯಾವ ರೂಪ? ‘ಸಿಕ್ಸ್ಟಿ’ ಎಂದರೆ ಒಂದೇ ಯಂತ್ರವಲ್ಲ. ಹನ್ನೆರಡು ವರ್ಷಗಳಲ್ಲಿ ಅದು ಹಲವು ಸಣ್ಣಪುಟ್ಟ ಬದಲಾವಣೆ ಕಂಡಿತು. ಕ್ಯಾಲಿಫೋರ್ನಿಯಾದ ಸ್ಯಾನ್ ಲಿಯಾಂಡ್ರೊ ಮತ್ತು ಇಲಿನಾಯ್‌ನ ಪಿಯೋರಿಯಾ, ಎರಡೂ ಕಡೆ ತಯಾರಾಯಿತು. ಪಿಯೋರಿಯಾದಲ್ಲಿ ಆದದ್ದಕ್ಕೆ ಕ್ರಮಸಂಖ್ಯೆಯ ಮುಂದೆ ‘ಪಿಎ’ ಎಂಬ ಅಕ್ಷರಗಳಿರುತ್ತವೆ. 1925ಕ್ಕೆ ಮುಂಚಿನ ಯಂತ್ರವಾದರೆ ಮೇಲೆ ಬೆಸ್ಟ್ ಎಂಬ ಹೆಸರು, ಆಮೇಲಿನದಾದರೆ ಕ್ಯಾಟರ್ಪಿಲ್ಲರ್. ಕೆಲವಕ್ಕೆ ಮೇಲೆ ಉದ್ದನೆಯ ಚಪ್ಪರ, ಕೆಲವು ಬಟಾಬಯಲು. ಹಾಗಾಗಿ ಅನುಭವಸ್ಥರು ಸಿಕ್ಸ್ಟಿಯನ್ನು ಕಟ್ಟುತ್ತೇನೆ ಎನ್ನುವುದಿಲ್ಲ. ಇಂಥ ವರ್ಷದ, ಇಂಥ ಕಾರ್ಖಾನೆಯ, ಇಂಥ ಕೆಲಸಕ್ಕೆ ಹೋದ ಒಂದು ಸಿಕ್ಸ್ಟಿಯನ್ನು ಕಟ್ಟುತ್ತೇನೆ ಎನ್ನುತ್ತಾರೆ.

ಎಲ್ಲಕ್ಕಿಂತ ದೊಡ್ಡ ಬಲೆ ಬಣ್ಣದ್ದು. ಕ್ಯಾಟರ್ಪಿಲ್ಲರ್ ಎಂದೊಡನೆ ಯಾರ ಕಣ್ಣಿಗೂ ಬರುವುದು ಹಳದಿ. ಬುಲ್ಡೋಜರ್ ಹಳದಿಯಲ್ಲದೆ ಇನ್ನೇನು? ಈ ಲೇಖನಕ್ಕೆ ತೊಡಗುವ ಮುನ್ನ ನಾನೂ ಹಾಗೆಂದೇ ತಿಳಿದಿದ್ದೆ. ಆದರೆ ಕಂಪನಿ ತನ್ನ ಯಂತ್ರಗಳಿಗೆ ಹಳದಿ ಬಳಿಯಲು ನಿರ್ಧರಿಸಿದ್ದು 1931ರ ಡಿಸೆಂಬರ್‌ನಲ್ಲಿ. ರಸ್ತೆ ಕೆಲಸದಲ್ಲಿ ಯಂತ್ರ ದೂರದಿಂದಲೇ ಕಾಣಲಿ ಎಂದು ಆರಿಸಿದ ಆ ಬಣ್ಣಕ್ಕೆ ‘ಹೈವೇ ಹಳದಿ’ ಎಂದೇ ಹೆಸರು. ಪೆಟ್ರೋಲ್ ಸಿಕ್ಸ್ಟಿಯ ತಯಾರಿಕೆ ನಿಂತದ್ದೂ ಅದೇ ವರ್ಷ! ಎಂದರೆ ಈ ಯಂತ್ರಗಳಲ್ಲಿ ಬಹುಪಾಲು ಕಾರ್ಖಾನೆಯಿಂದ ಹೊರಟದ್ದು ಬೂದು ಬಣ್ಣದಲ್ಲಿ, ಕೆಂಪು ಅಲಂಕಾರದೊಂದಿಗೆ. ಆಮೇಲೆ ರಿಪೇರಿಯ ನೆಪದಲ್ಲಿ ಹಳದಿ ಬಳಿಸಿಕೊಂಡವು ಇದ್ದೇ ಇವೆ. ಅಂಥದೊಂದನ್ನು ಪ್ರದರ್ಶನದಲ್ಲಿ ನೋಡಿ, ಫೋಟೋ ತೆಗೆದು, ‘1927ರ ಸಿಕ್ಸ್ಟಿ’ ಎಂದು ಹಳದಿ ಮಾದರಿ ಮಾಡಿದರೆ ಅದು ಎಷ್ಟೇ ನಯವಾಗಿರಲಿ, ಸುಳ್ಳು ಹೇಳಿದಂತೆಯೇ.

ಇದು ಬರೀ ಹವ್ಯಾಸಿಗಳ ತಕರಾರು ಎಂದು ತಳ್ಳಿಹಾಕುವಂತಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಊರೂರಲ್ಲಿ ಗುಜರಿ ಸಂಗ್ರಹದ ಆಂದೋಲನ ನಡೆಯಿತು. ಹೊಲದ ಮೂಲೆಯಲ್ಲಿ ಬಿದ್ದ ಹಳೆಯ ಕಬ್ಬಿಣವೆಲ್ಲ ಕುಲುಮೆ ಸೇರಿತು. ಅದರಲ್ಲಿ ಲೆಕ್ಕವಿಲ್ಲದಷ್ಟು ಹಳೆಯ ಕೃಷಿ ಯಂತ್ರಗಳೂ ಹೋದವು. ಉಳಿದವನ್ನು ಆಸಕ್ತರು ಕಾಪಾಡಿಕೊಂಡಿದ್ದಾರೆ. ಹಳೆಯ ಕ್ಯಾಟರ್ಪಿಲ್ಲರ್ ಯಂತ್ರಗಳ ಒಡೆಯರದೇ ಒಂದು ಸಂಘ 1991ರಿಂದ ಇದೆ. ಸ್ಟಾಕ್‌ಟನ್‌ನ ಹ್ಯಾಗಿನ್ ಮ್ಯೂಸಿಯಂನಲ್ಲಿ ಹೋಲ್ಟ್‌ನ ಟ್ರ್ಯಾಕ್ಟರ್ ನೋಡಬಹುದು. ಆದರೆ ದಶಕಗಟ್ಟಲೆ ದುಡಿದ ಯಂತ್ರ ಇಂದು ಇರುವ ಸ್ಥಿತಿಯೇ ಅದು ಹುಟ್ಟಿದ ಸ್ಥಿತಿಯಲ್ಲ. ಮುರಿದ ಭಾಗಕ್ಕೆ ಬೇರೆ ಯಂತ್ರದ ಭಾಗ ಬಂದಿರುತ್ತದೆ. ಚೌಕ ತಲೆಯ ಬೋಲ್ಟು ಇದ್ದಲ್ಲಿ ಈಚಿನ ಷಟ್ಕೋನದ ಬೋಲ್ಟು ಕೂತಿರುತ್ತದೆ. ಹಾಗಾಗಿ ಮೂಲವನ್ನೇ ಕಣ್ಣಾರೆ ನೋಡಿದರೂ ಸಾಲದು. ಕಂಪನಿ ಆಗ ಅಚ್ಚು ಹಾಕಿಸಿದ ಬಿಡಿಭಾಗಗಳ ಪಟ್ಟಿ, ಚಾಲಕರ ಕೈಪಿಡಿ, ಆ ಕಾಲದ ಫೋಟೋ, ಎಲ್ಲವನ್ನೂ ಒಂದರ ಪಕ್ಕ ಒಂದಿಟ್ಟು ತಾಳೆ ನೋಡಬೇಕು. ಶಾಸನ ಓದುವವರು ಪಾಠಾಂತರ ಹೋಲಿಸುವುದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

ಅಳತೆ ತೆಗೆಯುವುದರಲ್ಲೂ ಒಂದು ಜಾಣತನ ಬೇಕು. ಹತ್ತಿರ ನಿಂತು ಫೋಟೋ ತೆಗೆದರೆ ಮುಂದಿನದು ದೊಡ್ಡದಾಗಿ, ಹಿಂದಿನದು ಚಿಕ್ಕದಾಗಿ ಬಂದು ಲೆಕ್ಕ ತಪ್ಪುತ್ತದೆ. ಆದ್ದರಿಂದ ಯಂತ್ರಕ್ಕೆ ಅಡಿ-ಅಂಗುಲ ಗುರುತಿಸಿದ ಕೋಲೊಂದನ್ನು ಒರಗಿಸಿ, ಸಾಕಷ್ಟು ದೂರ ಹೋಗಿ, ದೂರದ ಲೆನ್ಸಿನಿಂದ ನೇರವಾಗಿ ಚಿತ್ರ ತೆಗೆಯುತ್ತಾರೆ. ಆ ಕೋಲಿನ ಆಧಾರದ ಮೇಲೆ ಟೇಪು ನಿಲುಕದ ಕಡೆಯ ಅಳತೆಯನ್ನೂ ಪಡೆಯಬಹುದು.

ಇಷ್ಟೆಲ್ಲ ಏಕೆ, ಅಂಗಡಿಯಲ್ಲಿ ಕಿಟ್ ಸಿಗುವುದಿಲ್ಲವೇ ಎಂದು ಕೇಳಬಹುದು. ಚೀನಾದ ಟ್ರಂಪೀಟರ್ ಕಂಪನಿ 1:35ರಲ್ಲಿ ಸ್ಟಾಲಿನೆಟ್ಸ್ 65ರ ಕಿಟ್ ಮಾಡಿದೆ. ಅದು ಸಿಕ್ಸ್ಟಿಯ ಸೋವಿಯತ್ ನಕಲಿನಿಂದ ಬೆಳೆದ ಡೀಸೆಲ್ ಯಂತ್ರ. ಅದನ್ನೇ ತಿದ್ದಿ ಸಿಕ್ಸ್ಟಿ ಮಾಡಿಬಿಡೋಣ ಎಂಬ ಆಸೆ ಬರುವುದು ಸಹಜ. ಆದರೆ ಎಂಜಿನ್ನೇ ಬೇರೆ. ಮೊಮ್ಮಗನ ಫೋಟೋಗೆ ಮೀಸೆ ಬರೆದು ಅಜ್ಜ ಎಂದು ತೋರಿಸಿದಂತಾಗುತ್ತದೆ.

ಸರಪಳಿಯ ಕಷ್ಟ

ರೇಡಿಯೇಟರ್, ಸೀಟು, ಚಪ್ಪರ ಇವನ್ನೆಲ್ಲ ಹಿತ್ತಾಳೆ ತಗಡು, ಪ್ಲಾಸ್ಟಿಕ್ ಹಾಳೆಗಳಿಂದ ತಾಳ್ಮೆಯಿದ್ದವರು ಯಾರಾದರೂ ಮಾಡಬಹುದು. ತಾಳ್ಮೆಯ ಜೊತೆಗೆ ಬೇರೆಯದೂ ಬೇಕಾಗುವುದು ಸರಪಳಿಯಲ್ಲಿ.

ಸರಪಳಿಯ ಒಂದೊಂದು ಗೆಣ್ಣಿನಲ್ಲೂ ನೆಲಕ್ಕೆ ತಾಗುವ ಒಂದು ಪಟ್ಟಿ, ಅದಕ್ಕೆ ‘ಶೂ’ ಎನ್ನುತ್ತಾರೆ; ಒಳಗಡೆ ಎರಡು ಕೊಂಡಿ; ಗೆಣ್ಣನ್ನು ಪಕ್ಕದ ಗೆಣ್ಣಿಗೆ ಸೇರಿಸುವ ಒಂದು ಪಿನ್ನು; ಪಿನ್ನಿನ ಮೇಲೊಂದು ಕೊಳವೆ; ಶೂವನ್ನು ಕೊಂಡಿಗೆ ಬಿಗಿಯುವ ನಾಲ್ಕು ಬೋಲ್ಟು, ನಾಲ್ಕು ನಟ್ಟು. ಒಟ್ಟು ಹದಿಮೂರು ತುಣುಕು. ಲೆಕ್ಕದ ಅನುಕೂಲಕ್ಕೆ ಒಂದು ಬದಿಗೆ 35 ಗೆಣ್ಣು ಎಂದಿಟ್ಟುಕೊಂಡರೂ ಎರಡು ಬದಿಗೆ 910 ತುಣುಕುಗಳಾದವು. ಮೂಲದಲ್ಲಿ ಒಂದು ಅಂಗುಲ ಅಗಲದ ನಟ್ಟು ಇಲ್ಲಿ 1.6 ಮಿಲಿಮೀಟರ್. ಗಡಿಯಾರ ರಿಪೇರಿಯವರ ಚಿಮುಟದಲ್ಲಿ ಹಿಡಿಯಬೇಕು. ಕೈಜಾರಿ ಕೆಳಗೆ ಬಿದ್ದರೆ ಹುಡುಕುವುದಕ್ಕಿಂತ ಇನ್ನೊಂದು ಮಾಡುವುದೇ ಸುಲಭ.

ಅಷ್ಟನ್ನು ಕೈಯಿಂದ ಒಂದೊಂದಾಗಿ ಕೆತ್ತುವುದು ಆಗದ ಮಾತು. ಒಂದೇ ಒಂದು ಮೂಲ ಗೆಣ್ಣನ್ನು ವಾರಗಟ್ಟಲೆ ಅರ ಹಾಕಿ ತಿದ್ದಿ, ಸಿಲಿಕೋನ್ ರಬ್ಬರಿನಲ್ಲಿ ಅದರ ಅಚ್ಚು ತೆಗೆದು, ರೆಸಿನ್ನಿನಲ್ಲಿ ಉಳಿದವನ್ನು ಎರಕ ಹೊಯ್ಯುತ್ತಾರೆ. ಲೋಹದಲ್ಲೇ ಆಗಬೇಕೆಂದರೆ ಮೇಣದ ಪ್ರತಿ ಮಾಡಿ, ಅದರ ಸುತ್ತ ಅಚ್ಚು ಕಟ್ಟಿ, ಮೇಣ ಕರಗಿಸಿ ಹೊರಹಾಕಿ, ಆ ಜಾಗಕ್ಕೆ ಕಂಚು ಸುರಿಯುತ್ತಾರೆ. ನಮ್ಮಲ್ಲಿ ಪಂಚಲೋಹದ ವಿಗ್ರಹ ಮಾಡುವವರ ಕ್ರಮವೇ ಇದು. ಲೋಹ ಆರುವಾಗ ಶೇಕಡಾ ಒಂದೆರಡರಷ್ಟು ಕುಗ್ಗುತ್ತದೆ. ವಿಗ್ರಹಕ್ಕೆ ಅದು ಲೆಕ್ಕಕ್ಕಿಲ್ಲ, ಇಲ್ಲಿ ಅದೇ ಲೆಕ್ಕ. ಮೂಲವನ್ನೇ ಅಷ್ಟು ದೊಡ್ಡದಾಗಿ ಮಾಡಿಕೊಳ್ಳಬೇಕು.

ಏಕೆಂದರೆ ಸರಪಳಿಯಲ್ಲಿ ತಪ್ಪು ಒಂದೇ ಕಡೆ ನಿಲ್ಲುವುದಿಲ್ಲ, ಕೂಡುತ್ತಾ ಹೋಗುತ್ತದೆ. ಒಂದು ಗೆಣ್ಣು ಕೂದಲೆಳೆಯಷ್ಟು, 0.1 ಮಿಲಿಮೀಟರ್ ಉದ್ದವಾದರೆ ಕಣ್ಣಿಗೆ ಕಾಣುವುದಿಲ್ಲ. ಮೂವತ್ತೈದು ಗೆಣ್ಣು ಸೇರಿದಾಗ ಅದೇ ಮೂರೂವರೆ ಮಿಲಿಮೀಟರ್. ಹಿಂದಿನ ಹಲ್ಲುಚಕ್ರಕ್ಕೆ ಸರಪಳಿ ಕೂರುವುದಿಲ್ಲ, ಮೂರು ಹಲ್ಲು ಸರಿಯಾಗಿ ಹಿಡಿದು ನಾಲ್ಕನೆಯದು ಹತ್ತಿ ನಿಲ್ಲುತ್ತದೆ. ಅದಕ್ಕಾಗಿ ಎರಡು ಗೂಟಗಳಿರುವ ಉಕ್ಕಿನ ಪಟ್ಟಿಯೊಂದನ್ನು ಮಾಡಿಕೊಂಡು, ಪ್ರತಿಯೊಂದು ಕೊಂಡಿಯನ್ನೂ ಅದರ ಮೇಲೆ ಕೂರಿಸಿಯೇ ತೂತು ಕೊರೆಯುತ್ತಾರೆ. ಅಳೆದು ಕೊರೆದರೆ ಪ್ರತಿ ಸಲವೂ ಬೇರೆ ಬೇರೆ ತಪ್ಪಾಗುತ್ತದೆ. ಗೂಟದ ಮೇಲಾದರೆ ಆಗುವ ತಪ್ಪೂ ಒಂದೇ ಬಗೆಯದು, ಹಲ್ಲುಚಕ್ರವನ್ನು ಅದಕ್ಕೇ ಹೊಂದಿಸಿಕೊಳ್ಳಬಹುದು.

ಇದೆಲ್ಲ ಆದ ಮೇಲೂ ಒಂದು ಸಂಗತಿ ಉಳಿಯುತ್ತದೆ. ನಿಜವಾದ ಯಂತ್ರದಲ್ಲಿ ಸರಪಳಿಯ ಮೇಲ್ಭಾಗ ಒಂದು ಆಧಾರ ಉರುಳೆಯಿಂದ ಇನ್ನೊಂದರವರೆಗೆ ಸ್ವಲ್ಪ ಜೋತುಬಿದ್ದಿರುತ್ತದೆ. ಛಾಯಾಗ್ರಾಹಕ ಕ್ಲೆಮೆಂಟ್ಸ್ ಕಣ್ಣಿಗೆ ಕಂಬಳಿಹುಳು ಕಾಣಿಸಿದ್ದು ಈ ಜೋಲಿನ ಅಲೆಯಲ್ಲೇ. ಅಲ್ಲಿ ಗೆಣ್ಣುಗಳ ಭಾರವೇ ಸರಪಳಿಯನ್ನು ಕೆಳಗೆ ಎಳೆಯುತ್ತದೆ. ಮಾದರಿಯಲ್ಲಿ ಭಾರ 4096 ಪಟ್ಟು ಇಳಿದಿದೆ, ಆದರೆ ಪಿನ್ನಿನ ತಿಕ್ಕಾಟ, ತೂತಿನ ಅಂಚಿನ ಒರಟು, ಒಳಸೇರಿದ ಬಣ್ಣದ ಅಂಟು ಅಷ್ಟು ಪಟ್ಟು ಇಳಿಯುವುದಿಲ್ಲ. ಹಗುರವಾದ ಪ್ಲಾಸ್ಟಿಕ್ ಸರಪಳಿ ಬಿದಿರ ಕಡ್ಡಿಯಂತೆ ಸೆಟೆದು ನಿಂತುಬಿಡುತ್ತದೆ. ಅಂಥ ಮಾದರಿಯಲ್ಲಿ ಉಳಿದ ಎಲ್ಲವೂ ಸರಿಯಿದ್ದರೂ ಅದು ಆಟಿಕೆಯಂತೆ ಕಾಣುತ್ತದೆ. ಅದಕ್ಕೇ ಹಲವರು ಸೀಸ-ತವರ ಬೆರೆತ ಬಿಳಿಲೋಹದ ಸರಪಳಿ ಬಳಸುತ್ತಾರೆ. ಅದು ಭಾರಕ್ಕೆ ತಾನಾಗಿ ಜೋಲುತ್ತದೆ. ಕೆಲವರು ಪ್ಲಾಸ್ಟಿಕ್ಕಿನ ಗೆಣ್ಣುಗಳನ್ನು ಅಂಟು ಒಣಗುವ ಮುನ್ನ ಬೆರಳಿನಿಂದ ಒತ್ತಿ ಜೋಲಿಸುತ್ತಾರೆ. ಮೊದಲನೆಯದು ತೂಕ ತಂದುಕೊಡುವ ಜೋಲು, ಎರಡನೆಯದು ನಟನೆ. ದೂರದಿಂದ ವ್ಯತ್ಯಾಸ ಗೊತ್ತಾಗದು. ಆದರೆ ನನಗೆ ಕೇಳಿದರೆ ಮೊದಲನೆಯದಕ್ಕೇ ನನ್ನ ಓಟು.

ಈಚಿನ ವರ್ಷಗಳಲ್ಲಿ ತ್ರೀಡಿ ಪ್ರಿಂಟರ್ ಬಂದು ಈ ಕೆಲಸದ ಬಹುಪಾಲನ್ನು ಹಗುರ ಮಾಡಿದೆ. ಕಂಪ್ಯೂಟರಿನಲ್ಲಿ ಒಂದು ಗೆಣ್ಣು ಬರೆದರೆ ಎಪ್ಪತ್ತು ಅಚ್ಚಾಗಿ ಬರುತ್ತವೆ. ಆದರೂ ಆ ಒಂದು ಗೆಣ್ಣನ್ನು ಸರಿಯಾಗಿ ಬರೆಯಲು ಯಾವ ವರ್ಷದ್ದು, ಯಾವ ಕಾರ್ಖಾನೆಯದ್ದು ಎಂಬ ಪ್ರಶ್ನೆಗಳಿಗೆ ಪ್ರಿಂಟರ್ ಉತ್ತರಿಸುವುದಿಲ್ಲ. ತಪ್ಪು ಬರೆದರೆ ಎಪ್ಪತ್ತು ತಪ್ಪು ಅಚ್ಚುಕಟ್ಟಾಗಿ ಬರುತ್ತವೆ, ಅಷ್ಟೇ.

ಎಂಜಿನ್ನಿನ ಬಗ್ಗೆ ಒಂದೇ ಮಾತು. ಈಚಿನ ಯಂತ್ರಗಳಂತೆ ಸಿಕ್ಸ್ಟಿಗೆ ಮುಚ್ಚಳವಿಲ್ಲ. ಬಿಡಿಬಿಡಿಯಾಗಿ ನಿಂತ ನಾಲ್ಕು ಸಿಲಿಂಡರು, ಅವುಗಳ ಕವಾಟ ಎತ್ತುವ ಸರಳುಗಳು, ಕೊಳವೆಗಳು ಎಲ್ಲವೂ ಬಯಲಿಗೇ ಇವೆ. ಮುಚ್ಚಿಟ್ಟು ಪಾರಾಗುವ ದಾರಿಯಿಲ್ಲ. ಹಿಂಬದಿಯ ಫ್ಲೈವೀಲ್ ಅಂಚಿನಲ್ಲಿ ಕೆಲವು ತೂತುಗಳಿರುತ್ತವೆ. ನೋಡುವವರು ಅಲಂಕಾರವೆಂದುಕೊಂಡಾರು. ಸಿಕ್ಸ್ಟಿಗೆ ಸ್ಟಾರ್ಟರ್ ಇರಲಿಲ್ಲ. ಚಾಲಕ ಈ ತೂತಿಗೆ ಕಬ್ಬಿಣದ ಹಾರೆ ತೂರಿಸಿ, ಮೈಭಾರ ಹಾಕಿ ಎಳೆದು, ಹದಿನೆಂಟೂವರೆ ಲೀಟರಿನ ಎಂಜಿನ್ನನ್ನು ಎಬ್ಬಿಸಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಹಾರೆ ಕೈಗೋ ಮುಖಕ್ಕೋ ಬರುವ ಭಯ. ಮಾದರಿಯಲ್ಲಿ ಆ ತೂತು ಬಿಟ್ಟುಹೋದರೆ ಆ ಮನುಷ್ಯನೇ ಬಿಟ್ಟುಹೋದಂತೆ.

ಕೊಳೆಗೂ ಒಂದು ಕ್ರಮ

ಬಣ್ಣದ ಪದರವೂ ಅಳತೆಗೆ ಒಳಪಟ್ಟದ್ದೇ. ಮಾದರಿಯ ಮೇಲೆ 0.1 ಮಿಲಿಮೀಟರ್ ದಪ್ಪ ಬಣ್ಣ ಕೂತರೆ ಮೂಲದಲ್ಲಿ ಒಂದೂವರೆ ಮಿಲಿಮೀಟರ್‌ಗೂ ಹೆಚ್ಚು ದಪ್ಪ ಬಳಿದಂತೆ. ಎರಕದ ಅಕ್ಷರಗಳೆಲ್ಲ ಮುಳುಗಿಹೋಗುತ್ತವೆ. ಹಾಗಾಗಿ ಕುಂಚ ಬಿಟ್ಟು ಗಾಳಿಕುಂಚದಿಂದ ಮಂಜಿನಂತೆ ಊದುತ್ತಾರೆ. ಮೂಲದ ಬೂದು ಬಣ್ಣವನ್ನು ಹಾಗೇ ಬಳಿದರೆ ಚಿಕ್ಕ ವಸ್ತುವಿನ ಮೇಲೆ ಅದು ಗಾಢವಾಗಿ ಕಾಣುತ್ತದೆ, ಸ್ವಲ್ಪ ತಿಳಿ ಮಾಡಬೇಕು ಎನ್ನುವವರಿದ್ದಾರೆ. ಬಣ್ಣ ಬಣ್ಣವೇ, ತಿಳಿ ಮಾಡುವುದು ಮೋಸ ಎನ್ನುವವರೂ ಇದ್ದಾರೆ. ಈ ಜಗಳ ಇನ್ನೂ ಮುಗಿದಿಲ್ಲ.

ಆಮೇಲೆ ಕೊಳೆ. ಹೊಸಬರು ಎಲ್ಲೆಡೆ ತುಕ್ಕು ಬಳಿದುಬಿಡುತ್ತಾರೆ. ದುಡಿಯುವ ಯಂತ್ರದ ಶೂ ತುಕ್ಕು ಹಿಡಿಯುವುದಿಲ್ಲ, ನೆಲಕ್ಕೆ ಉಜ್ಜಿ ಉಜ್ಜಿ ಬೆಳ್ಳಿಯಂತೆ ಹೊಳೆಯುತ್ತದೆ. ಉರುಳೆಗಳು ಓಡುವ ಕೊಂಡಿಯ ಅಂಚೂ ಅಷ್ಟೇ. ಒಂದು ಮಳೆಗಾಲ ನಿಂತರೆ ಆ ಹೊಳಪಿನ ಮೇಲೇ ಮೊದಲು ತೆಳುವಾದ ಕಿತ್ತಳೆ ತುಕ್ಕು ಬರುತ್ತದೆ. ಎಣ್ಣೆ ಜಿನುಗುವ ಕಡೆ ಧೂಳು ಹಿಡಿದು ಕಪ್ಪು ಜಿಡ್ಡಾಗುತ್ತದೆ, ಚಾಲಕ ಕಾಲಿಟ್ಟು ಹತ್ತುವ ಕಡೆ ಬಣ್ಣ ಸವೆದಿರುತ್ತದೆ. ಮಣ್ಣಿನ ಬಣ್ಣ ಯಂತ್ರ ಯಾವ ಊರಿನಲ್ಲಿ ದುಡಿಯಿತು ಎಂಬುದನ್ನು ಹೇಳಬೇಕು. ಸ್ಟಾಕ್‌ಟನ್‌ನ ಜೌಗಿನದಾದರೆ ಕಡುಕಪ್ಪು, ಒಣ ಬೆಟ್ಟದ ಗೋಧಿ ಹೊಲದ್ದಾದರೆ ಹಿಟ್ಟಿನಂಥ ತಿಳಿ ಧೂಳು.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆಯಿದೆ. ಮಾದರಿಯನ್ನು ಬಿಸಿಲಿಗೆ ಒಯ್ದು, ಕ್ಯಾಮೆರಾದ ಲೆನ್ಸನ್ನು ಮೇಜಿನಿಂದ ಸರಿಯಾಗಿ 10 ಸೆಂಟಿಮೀಟರ್ ಎತ್ತರದಲ್ಲಿಟ್ಟು ಚಿತ್ರ ತೆಗೆಯುತ್ತಾರೆ. ಹದಿನಾರರಿಂದ ಗುಣಿಸಿದರೆ ಅದು 1.6 ಮೀಟರ್, ಪಕ್ಕದಲ್ಲಿ ನಿಂತು ನೋಡುವ ಮನುಷ್ಯನ ಕಣ್ಣಿನ ಎತ್ತರ. ಮೇಲಿನಿಂದ ಬಗ್ಗಿ ನೋಡುವಾಗ ಮುದ್ದಾಗಿ ಕಂಡದ್ದೆಲ್ಲ ಈ ಚಿತ್ರದಲ್ಲಿ ನಿಜ ರೂಪ ತೋರಿಸುತ್ತದೆ. ದಪ್ಪನಾದ ತಗಡಿನ ಅಂಚು, ಓರೆಯಾದ ಬೋಲ್ಟು, ಚಪ್ಪರದ ಕಂಬದ ಬಳಿ ಹೊಳೆಯುವ ಅಂಟಿನ ಹನಿ, ಎಲ್ಲವೂ. ಸರಪಳಿಯ ಮೇಲ್ಭಾಗದಲ್ಲಿ ಆ ಕಂಬಳಿಹುಳುವಿನ ಅಲೆ ಕಾಣದಿದ್ದರೆ ಅಲ್ಲಿಗಾಯಿತು. ಮತ್ತೆ ಚಿಮುಟ ಹಿಡಿದು ಕೂತು, ಮೊದಲ ಪಿನ್ನಿನಿಂದಲೇ ಬಿಚ್ಚಬೇಕು.